ಗುಹೆಯಲ್ಲಿದ್ದ ಗೈಡು ಮಿಲಿಕನ್ ಡಾಲ್ಟನ್

ಭಾನುವಾರ ರಾತ್ರಿ ನಮ್ಮವರ ಎಷ್ಟು ಮನೆಗಳಲ್ಲಿ ಒಂದೇ ಮಾತು ನಡೆಯುತ್ತೋ ಲೆಕ್ಕ ಇಟ್ಟವರಿಲ್ಲ. ಊರಿಗೆ ಮಧ್ಯಾಹ್ನವೇ ಫೋನ್ ಮಾಡಿ ಮುಗಿದಿರುತ್ತೆ, ಯೂನಿಫಾರ್ಮಿಗೆ ಇಸ್ತ್ರಿ ಆಗಿರುತ್ತೆ, ನಾಳೆಯ ಡಬ್ಬಿ ಫ್ರಿಜ್ಜಿನಲ್ಲಿರುತ್ತೆ. ಆಮೇಲೆ ಯಾರಾದರೊಬ್ಬರು ಶುರು ಮಾಡ್ತಾರೆ, ಸಾಕಪ್ಪ ಈ ಚಾಕರಿ, ಇನ್ನೆರಡು ವರ್ಷ ಅಷ್ಟೇ, ಆಮೇಲೆ ಊರಲ್ಲಿ ಒಂದಿಷ್ಟು ತೋಟ ಮಾಡ್ಕೊಂಡು ಹಾಯಾಗಿರೋದು ಅಂತ. ಹೀಗೆ ಹೇಳಿ ಹತ್ತು ವರ್ಷ ಕಳೆದವರು ನಮ್ಮ ವಿದನ್‌ಶಾದಲ್ಲೇ ಬೇಕಾದಷ್ಟು ಜನ ಇದ್ದಾರೆ. ನಾನೂ ಅದರಲ್ಲಿ ಒಬ್ಬ, ಆದ್ದರಿಂದ ಯಾರೂ ಬೇಜಾರು ಮಾಡಿಕೊಳ್ಳಬೇಡಿ.

ಈ ಮಾತನ್ನು ಬರೀ ಆಡದೆ, ನಿಜವಾಗಿಯೂ ಮಾಡಿ ತೋರಿಸಿದ ಒಬ್ಬ ಗುಮಾಸ್ತರ ಕಥೆ ಇದು. 1904ರಲ್ಲಿ ಅವರು ಲಂಡನ್ನಿನ ಕೆಲಸ ಬಿಟ್ಟರು. ಉಳಿದ 43 ವರ್ಷ ಜನರನ್ನು ಬೆಟ್ಟ ಹತ್ತಿಸುವುದನ್ನೇ ಕಸುಬು ಮಾಡಿಕೊಂಡು ಬದುಕಿದರು. ಅವರ ಬೇಸಿಗೆ ಮನೆ ಒಂದು ಗುಹೆ. ಆ ಗುಹೆ ಇವತ್ತೂ ಇದೆ, ನಮ್ಮಿಂದ ಕಾರಿನಲ್ಲಿ ಎರಡು, ಎರಡೂವರೆ ಗಂಟೆ ದಾರಿ. ಲೇಕ್ ಡಿಸ್ಟ್ರಿಕ್ಟಿಗೆ ಹೋಗಿ ದೋಣಿ ಹತ್ತಿ, ಐಸ್‌ಕ್ರೀಮ್ ತಿಂದು, ಫೋಟೋ ತೆಗೆಸಿಕೊಂಡು ಬರುವ ನಮ್ಮವರಲ್ಲಿ ಅದನ್ನು ನೋಡಿದವರು ಕಡಿಮೆ. ಆ ಕಡೆಯ ಜನಕ್ಕೆ ಮಾತ್ರ ಮಿಲಿಕನ್ ಡಾಲ್ಟನ್ ಅಂದರೆ ಈಗಲೂ ಗೊತ್ತು.

ಡಾಲ್ಟನ್ ಹುಟ್ಟಿದ್ದು 1867ರ ಏಪ್ರಿಲ್ 20ರಂದು, ನೆಂಟ್‌ಹೆಡ್ ಎಂಬ ಹಳ್ಳಿಯಲ್ಲಿ. ಇದು ಆಲ್‌ಸ್ಟನ್ ಊರಿನ ಹತ್ತಿರ, ಪೆನ್ನೈನ್ ಬೆಟ್ಟಗಳ ಮೇಲೆ, ಸಮುದ್ರಮಟ್ಟದಿಂದ ಸುಮಾರು 1,400 ಅಡಿ ಎತ್ತರದಲ್ಲಿದೆ. ಇಂಗ್ಲೆಂಡಿನ ಅತಿ ಎತ್ತರದ ಹಳ್ಳಿಗಳಲ್ಲಿ ಒಂದು. ಊರೆಂದರೆ ಸೀಸದ ಗಣಿ, ಅಷ್ಟೇ. ಲಂಡನ್ ಲೆಡ್ ಕಂಪನಿ ಅಂತ ಕ್ವೇಕರ್ ಪಂಥದವರ ಕಂಪನಿಯೊಂದಿತ್ತು. ಗಣಿ ತೋಡಿದ್ದೂ ಅವರೇ, ಕಾರ್ಮಿಕರಿಗೆ ಮನೆ, ಶಾಲೆ ಕಟ್ಟಿಸಿದ್ದೂ ಅವರೇ. ನಮ್ಮ ಕೋಲಾರದ ಕೆಜಿಎಫ್ ನೋಡಿದವರಿಗೆ ಇಂಥ ಊರು ಹೇಗಿರುತ್ತೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಕೆಜಿಎಫ್ ಗಣಿ 2001ರಲ್ಲಿ ಮುಚ್ಚಿದ ಹಾಗೆಯೇ ಇಲ್ಲಿ ಸೀಸದ ಬೆಲೆ ಬಿದ್ದು 1882ರಲ್ಲಿ ಕಂಪನಿ ಜಾಗ ಖಾಲಿ ಮಾಡಿತು. ಗಣಿ ಊರಿನ ಮಕ್ಕಳು ಬೇರೆ ಕಡೆ ಹೊಟ್ಟೆಪಾಡು ಹುಡುಕಿಕೊಂಡು ಹೋದರು.

ಡಾಲ್ಟನ್ ಅಷ್ಟರೊಳಗೇ ಹೊರಟಾಗಿತ್ತು. ಅವರಿಗೆ ಏಳು ವರ್ಷವಾಗಿದ್ದಾಗ ತಂದೆ ತೀರಿಹೋದರು. ವಿಗ್ಟನ್ ಹತ್ತಿರದ ಕ್ವೇಕರ್ ಶಾಲೆಯಲ್ಲಿ ಸ್ವಲ್ಪ ಕಾಲ ಓದಿದರು. ಹದಿಹರೆಯದಲ್ಲಿ ಕುಟುಂಬದ ಜೊತೆ ದಕ್ಷಿಣಕ್ಕೆ, ಲಂಡನ್ನಿಗೆ ತಗುಲಿಕೊಂಡಿರುವ ಎಸೆಕ್ಸ್ ಕಡೆಗೆ ಬಂದರು. ಓದಿದ ಹುಡುಗ, ಕೈಬರಹ ಚೆನ್ನಾಗಿದ್ದರೆ ಗುಮಾಸ್ತಗಿರಿ ಸಿಗುವ ಕಾಲ ಅದು. ಲಂಡನ್ನಿನ ಒಂದು ವಿಮಾ ಕಚೇರಿಯಲ್ಲಿ ಕೆಲಸ ಸಿಕ್ಕಿತು. ಬೆಳಿಗ್ಗೆ ರೈಲು, ದಿನವಿಡೀ ಲೆಡ್ಜರು, ಸಂಜೆ ಮತ್ತೆ ರೈಲು. ಉತ್ತರದ ಬೆಟ್ಟದ ಹುಡುಗ ದಕ್ಷಿಣದ ಪೇಟೆಯಲ್ಲಿ ವಲಸಿಗನಾದ. ಒಂದೇ ದೇಶದೊಳಗಿನ ವಲಸೆ ನಿಜ, ಆದರೂ ವಲಸೆ ವಲಸೆಯೇ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಬಂದು, ಅಲ್ಲಿಂದ ಇಲ್ಲಿಗೆ ಬಂದವರನ್ನು ಕೇಳಿ, ಯಾವುದು ಹೆಚ್ಚು ಕಷ್ಟವಾಯಿತು ಅಂತ.

ಬೆಟ್ಟ ಇಲ್ಲದ ಎಸೆಕ್ಸಿನಲ್ಲಿ ಡಾಲ್ಟನ್ ಮತ್ತು ತಮ್ಮ ಹೆನ್ರಿ ಸೇರಿ ಮರ ಹತ್ತಿದರು. ಅಲ್ಲಿ ಎಪ್ಪಿಂಗ್ ಕಾಡು ಇದೆ, ಹಳೇ ಹಳೇ ಮರಗಳು. ಹಗ್ಗ ಕಟ್ಟಿಕೊಂಡು ಹತ್ತುವುದು, ಇಳಿಯುವುದು, ರಾತ್ರಿ ಅಲ್ಲೇ ಗುಡಾರ ಹಾಕಿ ಮಲಗುವುದು. ರಜೆ ಸಿಕ್ಕಾಗ ಉತ್ತರಕ್ಕೆ ಹೋಗಿ ಕಂಬರ್ಲೆಂಡಿನ ಬಂಡೆಗಳನ್ನು ಹತ್ತುತ್ತಿದ್ದರು. ರಜೆ ಅಂದರೆ ಆಗ ಎಷ್ಟು ಅಂದುಕೊಂಡಿರಿ? ಗುಮಾಸ್ತರಿಗೆ ವರ್ಷಕ್ಕೆ ಒಂದೆರಡು ವಾರ. ಮ್ಯಾಂಚೆಸ್ಟರ್ ಸುತ್ತಲಿನ ಹತ್ತಿ ಗಿರಣಿಯವರಿಗೆ ವರ್ಷಕ್ಕೊಮ್ಮೆ ಇಡೀ ಊರೇ ಗಿರಣಿ ಮುಚ್ಚುವ ವಾರ ಬರುತ್ತಿತ್ತು, ಆ ವಾರದ ಸಂಬಳ ಇಲ್ಲ. ಸಂಬಳ ಸಹಿತ ರಜೆಗೆ ಈ ದೇಶದಲ್ಲಿ ಕಾನೂನು ಅಂತ ಬಂದಿದ್ದೇ 1938ರಲ್ಲಿ. ನಾವು ರೋಟಾ ನೋಡಿ ಆನ್ಯುಯಲ್ ಲೀವ್ ಬುಕ್ ಮಾಡುವಾಗ ಇದನ್ನು ನೆನೆಯಬೇಕು.

ಆ ಕಾಲಕ್ಕೆ ಬಂಡೆ ಹತ್ತುವ ಆಟ ಹೊಸದು. ಗ್ರೇಟ್ ಗೇಬಲ್ ಅಂತ 899 ಮೀಟರ್ ಎತ್ತರದ ಬೆಟ್ಟವಿದೆ. ಅದರ ದಕ್ಷಿಣ ಮಗ್ಗುಲಲ್ಲಿ ನೇಪ್ಸ್ ನೀಡಲ್ ಎಂಬ ಒಂಟಿ ಕಲ್ಲುಕಂಬ ನಿಂತಿದೆ. 1886ರ ಜೂನ್‌ನಲ್ಲಿ ಹ್ಯಾಸ್ಕೆಟ್ ಸ್ಮಿತ್ ಎಂಬ ಯುವಕ ಹಗ್ಗವೂ ಇಲ್ಲದೆ ಒಬ್ಬನೇ ಅದನ್ನು ಹತ್ತಿ ಇಳಿದ. ಈ ದೇಶದಲ್ಲಿ ಬಂಡೆ ಹತ್ತುವುದು ಒಂದು ಆಟವಾಗಿ ಶುರುವಾದದ್ದು ಆವತ್ತಿನಿಂದ ಅಂತ ಲೆಕ್ಕ ಹಿಡಿಯುತ್ತಾರೆ. ಐದು ವರ್ಷದ ನಂತರ ಲಂಡನ್ನಿನ ಅಂಗಡಿಯೊಂದರ ಕಿಟಕಿಯಲ್ಲಿ ಆ ಕಂಬದ ಫೋಟೋ ನೋಡಿ ಓವೆನ್ ಗ್ಲಿನ್ ಜೋನ್ಸ್ ಎಂಬ ಮೇಷ್ಟ್ರು ಹುಚ್ಚು ಹಿಡಿದವರಂತೆ ಉತ್ತರಕ್ಕೆ ಹೊರಟುಬಂದು ಅದನ್ನು ಹತ್ತಿದರು. ಆಮೇಲೆ ದೊಡ್ಡ ಹೆಸರು ಮಾಡಿದರು. ಹೀಗೆ ಶ್ರೀಮಂತರ ಆಟಕ್ಕೆ ಮೇಷ್ಟ್ರುಗಳು, ಗುಮಾಸ್ತರು ನುಗ್ಗತೊಡಗಿದ ಹೊತ್ತಿಗೆ ಡಾಲ್ಟನ್ನರೂ ಬೆಳೆದರು.

ಅವರು ಕೆಲಸ ಬಿಟ್ಟದ್ದು 37ರ ಆಸುಪಾಸಿನಲ್ಲಿ. ಹುಡುಗಾಟದ ವಯಸ್ಸೇನೂ ಅಲ್ಲ. ಕಚೇರಿಯವರು ತೆಗೆದದ್ದಲ್ಲ, ಕಾಯಿಲೆಯೂ ಇಲ್ಲ. ಕುರ್ಚಿಯಲ್ಲಿ ಕೂತು ಕಳೆಯುವ ದಿನ ತನಗೆ ಬೇಡ, ಬಯಲಲ್ಲಿ ಸ್ವತಂತ್ರವಾಗಿ ಬದುಕಬೇಕು ಅಂತ ತೀರ್ಮಾನಿಸಿದರು, ಬಿಟ್ಟರು. ನಮ್ಮಲ್ಲಿ ಇದನ್ನು ಕೇಳಿದ ಕೂಡಲೇ ಬರುವ ಮೊದಲ ಪ್ರಶ್ನೆ, ಹೊಟ್ಟೆಗೆ ಏನು ಮಾಡಿದರು? ಸರಿಯಾದ ಪ್ರಶ್ನೆ. ಬೇರೆಯವರು ಅವರ ಬಗ್ಗೆ ಬರೆಯುವಾಗ ಗಡ್ಡ, ಟೋಪಿ, ಗುಹೆ ಇವನ್ನೇ ಹೇಳಿ ಈ ಪ್ರಶ್ನೆಯನ್ನು ಹಾರಿಸಿಬಿಡುತ್ತಾರೆ. ನನಗೆ ಅವರ ಬದುಕಿನಲ್ಲಿ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಅದೇ.

ಮೊದಲು ಖರ್ಚು ಇಳಿಸಿದರು, ಕೆಲಸ ಬಿಟ್ಟದ್ದು ಆಮೇಲೆ. ಕೆಲಸದಲ್ಲಿದ್ದಾಗಲೇ ಎಸೆಕ್ಸಿನ ಬಿಲ್ಲರಿಕಿ ಬಳಿ ಸ್ವಲ್ಪ ಜಾಗ ಮಾಡಿಕೊಂಡು ಮರದ ಗುಡಿಸಲಿನಲ್ಲಿ ವಾಸ ಶುರು ಮಾಡಿದ್ದರು. ಮದುವೆಯಾಗಲಿಲ್ಲ. ಮಾಂಸ ತಿನ್ನುತ್ತಿರಲಿಲ್ಲ, ಮದ್ಯ ಮುಟ್ಟುತ್ತಿರಲಿಲ್ಲ. ಇಡಿ ಗೋಧಿಯ ಬ್ರೆಡ್ಡು ಮನೆಯಲ್ಲೇ ಸುಡುತ್ತಿದ್ದರು. ಬಟ್ಟೆಯನ್ನೂ ತಾವೇ ಹೊಲಿದುಕೊಳ್ಳುತ್ತಿದ್ದರು, ಅಂಚು ಮಡಿಚಿ ಹೊಲಿಯುವ ಗೋಜಿಗೂ ಹೋಗುತ್ತಿರಲಿಲ್ಲವಂತೆ. ಎರಡೇ ಚಟ. ಒಂದು ಗಟ್ಟಿ ಕಾಫಿ, ಇನ್ನೊಂದು ವುಡ್‌ಬೈನ್ ಸಿಗರೇಟು. ಆ ಕಾಲದ ಕೂಲಿಕಾರರ ಅಗ್ಗದ ಸಿಗರೇಟು ಅದು, ನಮ್ಮ ಕಡೆ ಬೀಡಿ ಇದ್ದ ಹಾಗೆ. ಸಸ್ಯಾಹಾರ, ವ್ಯಾಯಾಮ, ಶುದ್ಧ ಗಾಳಿ ಅಂತ ಬದುಕಿದ ಮನುಷ್ಯ ಕೊನೆಯವರೆಗೂ ಹೊಗೆ ಬಿಡುತ್ತಿದ್ದರು ಅನ್ನುವುದು ನನಗೆ ಒಂಥರಾ ಸಮಾಧಾನ ಕೊಡುತ್ತೆ. ಪೂರ್ತಿ ಒಳ್ಳೆಯವರ ಜೊತೆ ಚಹಾ ಕುಡಿಯುವುದೂ ಕಷ್ಟ.

ಆದಾಯಕ್ಕೆ ಎರಡು ದಾರಿ ಇತ್ತು. ಹಗುರವಾದ ಗುಡಾರ, ಬೆನ್ನಚೀಲ ಇವನ್ನು ತಾವೇ ವಿನ್ಯಾಸ ಮಾಡಿ ಹೊಲಿದು ಮಾರುತ್ತಿದ್ದರು. ಆಗ ಗುಡಾರ ಅಂದರೆ ಸೈನ್ಯದವರ ಭಾರೀ ಕ್ಯಾನ್ವಾಸು, ಗಾಡಿಯಲ್ಲೇ ಸಾಗಿಸಬೇಕು. ಸೈಕಲ್ ಬಂದ ಮೇಲೆ, ಹೆಗಲ ಮೇಲೆ ಹೊತ್ತು ಹೋಗಬಹುದಾದ ಗುಡಾರಕ್ಕೆ ಗಿರಾಕಿ ಹುಟ್ಟಿತು. ಸೈಕಲ್ಲಿನಲ್ಲಿ ಹೋಗಿ ಗುಡಾರದಲ್ಲಿ ಉಳಿಯುವವರ ಸಂಘವೊಂದು 1901ರಲ್ಲೇ ಆರಂಭವಾಗಿತ್ತು. ಡಾಲ್ಟನ್ನರ ಸ್ವಂತ ಸೈಕಲ್ಲೂ ಪ್ರಸಿದ್ಧ. ಕಂಡಕಂಡಲ್ಲಿ ಚೀಲ ನೇತುಹಾಕಿಕೊಂಡು, ಹತ್ತುವುದಕ್ಕಿಂತ ಹೆಚ್ಚಾಗಿ ತಳ್ಳಿಕೊಂಡೇ ಹೋಗುತ್ತಿರುವ ಅವರ ಫೋಟೋ ಈಗಲೂ ಸಿಗುತ್ತೆ.

ಇನ್ನೊಂದು ದಾರಿ, ಗೈಡು ಕೆಲಸ.

ಬೆಟ್ಟದ ಗೈಡು ಅನ್ನುವ ಕಸುಬು ಅವರು ಹುಟ್ಟುಹಾಕಿದ್ದೇನಲ್ಲ. ಸ್ವಿಟ್ಜರ್ಲೆಂಡ್, ಫ್ರಾನ್ಸಿನ ಆಲ್ಪ್ಸ್ ಹಳ್ಳಿಗಳಲ್ಲಿ ದನ ಕಾಯುವವರು, ಬೇಟೆಗಾರರು ಇಂಗ್ಲಿಷ್ ದೊರೆಗಳನ್ನು ಹಿಮದ ಮೇಲೆ ಕರೆದೊಯ್ದು ಕೂಲಿ ಪಡೆಯುತ್ತಿದ್ದರು. ಮುಂದೆ ನಡೆದು ಹಿಮದಲ್ಲಿ ಮೆಟ್ಟಿಲು ಕಡಿಯುವವರು ಅವರು, ಹೆಸರು ದೊರೆಯದು. ಸತ್ತರೆ ಮಾತ್ರ ಜೊತೆಗೇ. ಮೇಲೆ ಹೇಳಿದ ಜೋನ್ಸ್ ಮೇಷ್ಟ್ರು 1899ರ ಆಗಸ್ಟಿನಲ್ಲಿ ದಾಂ ಬ್ಲಾಂಶ್ ಶಿಖರದಲ್ಲಿ ಬಿದ್ದು ಸತ್ತಾಗ ಅದೇ ಹಗ್ಗಕ್ಕೆ ಕಟ್ಟಿಕೊಂಡಿದ್ದ ಮೂವರು ಗೈಡುಗಳೂ ಸತ್ತರು. ಜೋನ್ಸ್ ಹೆಸರು ಪುಸ್ತಕಗಳಲ್ಲಿದೆ. ಆ ಮೂವರ ಹೆಸರು ಎಷ್ಟು ಜನಕ್ಕೆ ಗೊತ್ತು? ಈ ಕಡೆ, ಲೇಕ್ ಡಿಸ್ಟ್ರಿಕ್ಟಿನಲ್ಲಿ ಕುರಿ ಕಾಯುವವರೂ ಹೋಟೆಲ್ ಇಟ್ಟವರೂ ಬಂದವರಿಗೆ ದಾರಿ ತೋರಿಸುತ್ತಿದ್ದರು. ವಾಸ್ಡೇಲ್ ಹೆಡ್ ಎಂಬ ಕೊನೇ ಹಳ್ಳಿಯ ವಿಲ್ ರಿಟ್ಸನ್ ಅಂಥವರಲ್ಲಿ ಒಬ್ಬರು. ದಾರಿ ತೋರಿಸಿದ್ದಕ್ಕಿಂತ ಹೆಚ್ಚಾಗಿ ಸುಳ್ಳು ಕಥೆ ಹೇಳುವುದರಲ್ಲಿ ಅವರು ಹೆಸರಾದರು.

ಡಾಲ್ಟನ್ ಈ ಕಸುಬನ್ನು ಬೇರೆ ಥರ ಮಾಡಿದರು. ಅವರ ಗಿರಾಕಿಗಳು ದೊರೆಗಳಲ್ಲ, ಅವರಂಥ ಪೇಟೆಯ ಸಂಬಳದವರು. ವಾರಗಟ್ಟಲೆ ಹೋಟೆಲಿನಲ್ಲಿ ಉಳಿಯುವಷ್ಟು ದುಡ್ಡಿಲ್ಲದವರು, ಬಂಡೆ ಅಂದರೆ ಭಯ ಇದ್ದವರು. ಬಾರೋಡೇಲ್ ಕಣಿವೆಯಲ್ಲಿ ಗುಡಾರ ಹಾಕಿ, ಅಡುಗೆಯಿಂದ ಹಿಡಿದು ಹಗ್ಗದವರೆಗೆ ಎಲ್ಲವನ್ನೂ ಒಂದೇ ಕಂತಿನಲ್ಲಿ ಒದಗಿಸುತ್ತಿದ್ದರು. ತಮ್ಮನ್ನು ಸಾಹಸದ ಪ್ರೊಫೆಸರ್ ಅಂತ ಕರೆದುಕೊಂಡು ಜಾಹೀರಾತು ಹಾಕಿದರು. ಆ ಜಾಹೀರಾತಿನಲ್ಲಿ ಕೊಟ್ಟ ಪಟ್ಟಿ ನೋಡಿದರೆ ನಗು ಬರುತ್ತೆ. ಗುಡಾರ, ತೆಪ್ಪ, ಹೊಳೆಯ ರಭಸದಲ್ಲಿ ಇಳಿಯುವುದು, ಇವುಗಳ ಜೊತೆಗೆ ಕೂದಲೆಳೆಯಲ್ಲಿ ಪ್ರಾಣ ಉಳಿಸಿಕೊಳ್ಳುವುದನ್ನೂ ಒಂದು ಸೇವೆಯಾಗಿ ಸೇರಿಸಿದ್ದರು! ಇವತ್ತು ಯಾರಾದರೂ ಹಾಗೆ ಹಾಕಿದರೆ ಇನ್ಶೂರೆನ್ಸ್ ಕಂಪನಿಯವರು ಬಾಗಿಲು ಮುಚ್ಚಿಸುತ್ತಾರೆ. ಅವರೇ ವಿಮಾ ಕಚೇರಿಯಿಂದ ಬಂದವರು ಅನ್ನುವುದು ಬೇರೆ ವಿಷಯ.

ಹೆಂಗಸರು, ಗಂಡಸರು ಒಟ್ಟಿಗೇ ಶಿಬಿರಕ್ಕೆ ಬರಬಹುದಿತ್ತು. 1900ರ ಮೊದಲ ದಶಕದಲ್ಲಿ ಮದುವೆಯಾಗದ ಹೆಣ್ಣುಮಕ್ಕಳು ಪರಗಂಡಸರ ಜೊತೆ ಬೆಟ್ಟದಲ್ಲಿ ರಾತ್ರಿ ಕಳೆಯುವುದು ಎಂದರೆ ಊರೆಲ್ಲ ಮಾತಾಡುವ ವಿಷಯ. ಮಾತಾಡುವವರು ಮಾತಾಡಲಿ ಅಂತ ಡಾಲ್ಟನ್ ಬಿಟ್ಟುಬಿಟ್ಟರು. ಹೆಂಗಸರಿಗೆ ಉದ್ದ ಲಂಗ ಬಿಚ್ಚಿಟ್ಟು ಚಡ್ಡಿ ಹಾಕಿ ಹತ್ತುವ ಧೈರ್ಯ ಕೊಟ್ಟವರಲ್ಲಿ ಇವರೂ ಒಬ್ಬರು. 1913ರಲ್ಲಿ ಅವರ ಶಿಬಿರಕ್ಕೆ ಮೇಬಲ್ ಬಾರ್ಕರ್ ಎಂಬ ಶಿಕ್ಷಕಿ ಬಂದರು. ಅವರಿಗೆ ನೇಪ್ಸ್ ನೀಡಲ್ ಹತ್ತಿಸಿದ್ದು ಡಾಲ್ಟನ್. ಹನ್ನೆರಡು ವರ್ಷದ ನಂತರ, 1925ರಲ್ಲಿ ಅದೇ ಮೇಬಲ್ ಸ್ಕಾಫೆಲ್ ಬೆಟ್ಟದ ಸೆಂಟ್ರಲ್ ಬಟ್ರೆಸ್ ಬಂಡೆಯನ್ನು ಹತ್ತಿದ ಮೊದಲ ಮಹಿಳೆಯಾದರು. ಆ ಕಾಲಕ್ಕೆ ಈ ದೇಶದ ಅತಿ ಕಠಿಣ ಬಂಡೆಗಳಲ್ಲಿ ಅದು ಒಂದು. ಮುಂದೆ ಕಾಲ್ಡ್‌ಬೆಕ್ ಹಳ್ಳಿಯಲ್ಲಿ ಶಾಲೆ ತೆರೆದು ಮಕ್ಕಳಿಗೆ ಬಯಲನ್ನೇ ಪಾಠ ಮಾಡಿದರು. ಇಬ್ಬರ ಸ್ನೇಹ ಡಾಲ್ಟನ್ ಬದುಕಿರುವವರೆಗೂ ಉಳಿಯಿತು.

ನೀಡಲ್ ಹತ್ತುವುದು ಅಂದರೇನು ಅಂತ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಗೈಡಿನ ಕೂಲಿ ಯಾತಕ್ಕೆ ಅಂತ ಗೊತ್ತಾಗಲ್ಲ. ಕಂಬದ ಎತ್ತರ ಸುಮಾರು 60 ಅಡಿ, ಐದಾರು ಅಂತಸ್ತಿನ ಮನೆಯಷ್ಟು. ಕೆಳಗಿನ ಭಾಗ ಬಿರುಕು ಹಿಡಿದು ಏರುವುದು, ಅದು ಪರವಾಗಿಲ್ಲ. ತುದಿಯಲ್ಲಿ ಒಂದು ದೊಡ್ಡ ಕಲ್ಲುಗುಂಡು ಮುಚ್ಚಳದಂತೆ ಕೂತಿದೆ. ಅದರ ಅಂಚಿನ ಮೇಲೆ ಎರಡೂ ಅಂಗೈ ಊರಿ, ಅಟ್ಟಕ್ಕೆ ಏಣಿ ಇಲ್ಲದೆ ಹತ್ತುವವರ ಹಾಗೆ ಮೈಯನ್ನು ಮೇಲಕ್ಕೆಳೆದು, ಕಾಲನ್ನು ಕೈಯಿದ್ದ ಜಾಗಕ್ಕೆ ತರಬೇಕು. ಆಮೇಲೆ ಹಿಡಿಯಲು ಏನೂ ಇಲ್ಲ, ಬರೀ ನಿಂತುಕೊಳ್ಳಬೇಕು. ಸುತ್ತ ನಾಲ್ಕೂ ಕಡೆ ಗಾಳಿ. ದೂರದ ಬೆಟ್ಟ ನುಣ್ಣಗೆ ಅನ್ನುವ ಗಾದೆ ಇಲ್ಲಿ ಅರ್ಥವಾಗುತ್ತೆ.

ಆಗ ಈಗಿನ ನೈಲಾನ್ ಹಗ್ಗ, ಹೆಲ್ಮೆಟ್ಟು, ಸೊಂಟಪಟ್ಟಿ ಯಾವುದೂ ಇಲ್ಲ. ನಾರಿನ ಹಗ್ಗ, ಅದನ್ನು ನೇರವಾಗಿ ಸೊಂಟಕ್ಕೇ ಬಿಗಿಯುವುದು. ನೆನೆದರೆ ಭಾರ, ಗಂಟು ಬಿಚ್ಚಲಿಕ್ಕೂ ಬರಲ್ಲ. ಕಾಲಿಗೆ ಕಬ್ಬಿಣದ ಮೊಳೆ ಹೊಡೆದ ಬೂಟು. ಮೊದಲು ಹತ್ತುವ ಗೈಡಿಗೆ ಮೇಲಿನಿಂದ ಹಗ್ಗದ ಆಸರೆಯೇ ಇಲ್ಲ, ಅವನು ಬೀಳುವ ಹಾಗೇ ಇಲ್ಲ. ಮೇಲೆ ತಲುಪಿ ಬಂಡೆಗೆ ತನ್ನನ್ನು ಕಟ್ಟಿಕೊಂಡು, ಹಗ್ಗವನ್ನು ಹೆಗಲ ಮೇಲೆ ಹಾಯಿಸಿ, ಕೆಳಗಿನವನು ಒಂದೊಂದು ಹೆಜ್ಜೆ ಇಟ್ಟಂತೆ ಸಡಿಲವಾದಷ್ಟೇ ಎಳೆದುಕೊಳ್ಳಬೇಕು. ಹೆಚ್ಚು ಎಳೆದರೆ ಹತ್ತುವವನ ಹಿಡಿತ ತಪ್ಪುತ್ತೆ, ಸಡಿಲ ಬಿಟ್ಟರೆ ಜಾರಿದಾಗ ಜಗ್ಗುತ್ತೆ. ಅದರ ಜೊತೆಗೆ ಅಳುವವರಿಗೆ ಸಮಾಧಾನ ಹೇಳಬೇಕು, ಜಂಬ ಮಾಡುವವರನ್ನು ಹದ್ದಿನಲ್ಲಿಡಬೇಕು. ಡಾಲ್ಟನ್ ಈ ಕಂಬವನ್ನು 50 ಸಲ ಹತ್ತಿದರು ಅಂತ ಲೆಕ್ಕವಿದೆ. ಅದರಲ್ಲಿ ಎಷ್ಟೋ ಸಲ ಹಗ್ಗದ ಇನ್ನೊಂದು ತುದಿಯಲ್ಲಿ ಮೊದಲ ಬಾರಿ ಬಂಡೆ ಮುಟ್ಟಿದವರು ಇರುತ್ತಿದ್ದರು.

ಮೊದಲ ವರ್ಷಗಳಲ್ಲಿ ಬಾರೋಡೇಲಿನ ಹೈ ಲೊಡೋರ್ ಬಳಿ ಗುಡಾರಗಳಲ್ಲೇ ಬೇಸಿಗೆ ಕಳೆಯುತ್ತಿದ್ದರು. ಆಮೇಲೆ ಗ್ರೇಂಜ್ ಮತ್ತು ರಾಸ್ತ್‌ವೇಟ್ ಹಳ್ಳಿಗಳ ನಡುವಿನ ಕಾಸಲ್ ಕ್ರ್ಯಾಗ್ ಗುಡ್ಡದ ಮಗ್ಗುಲಿಗೆ ಹೋದರು. ಗುಡ್ಡ ದೊಡ್ಡದಲ್ಲ, 290 ಮೀಟರ್. ಹಿಂದೆ ಅಲ್ಲಿ ಚಪ್ಪಡಿ ಕಲ್ಲು ತೆಗೆಯುತ್ತಿದ್ದರು. ಕೆಲಸ ನಿಂತ ಮೇಲೆ ಉಳಿದ ಪೊಳ್ಳೇ ಆ ಗುಹೆ. ದೇವರು ಮಾಡಿದ್ದಲ್ಲ, ಕಲ್ಲುಕುಟಿಗರು ಮಾಡಿದ್ದು. ಎರಡು ಅಂತಸ್ತು ಇದೆ. ಕೆಳಗಿನದು ವಿಶಾಲ, ಮೇಲಿನದು ಮಲಗುವ ಕೋಣೆ, ಅದಕ್ಕೆ ಅವರು ಅಟ್ಟ ಅಂತಲೇ ಹೆಸರಿಟ್ಟಿದ್ದರು. ಇಡೀ ಜಾಗಕ್ಕೆ ಕೇವ್ ಹೋಟೆಲ್ ಅಂತ ಹೆಸರು. ಹಾಸಿಗೆಗೆ ಒಣಗಿದ ಜರೀಗಿಡ. ಮುಂದಿನ ಜಗಲಿಯಂಥ ಜಾಗದಲ್ಲಿ ಆಲೂಗಡ್ಡೆ ಹಾಕುತ್ತಿದ್ದರು. ಸಾಮಾನು ತರಲು ಸೈಕಲ್ಲಿನಲ್ಲಿ ಕೆಸಿಕ್ ಪೇಟೆಗೆ ಹೋಗುತ್ತಿದ್ದರು. (ಬರೆಯುವುದು ಕೆಸ್ವಿಕ್ ಅಂತ, ಹೇಳುವುದು ಕೆಸಿಕ್. ವಿದನ್‌ಶಾ ಹೆಸರು ಬಾಯಿಗೆ ಕೂರಲು ನಮಗೆ ಎಷ್ಟು ದಿನ ಹಿಡಿಯಿತು, ನೆನಪಿದೆಯಲ್ಲ!)

ಮಳೆ ಮಾತ್ರ ಕೇಳಬೇಡಿ. ಇದೇ ಕಣಿವೆಯ ತುದಿಯಲ್ಲಿರುವ ಸೀತ್‌ವೇಟ್, ಇಂಗ್ಲೆಂಡಿನಲ್ಲಿ ಜನ ವಾಸ ಇರುವ ಊರುಗಳಲ್ಲೇ ಅತಿ ಹೆಚ್ಚು ಮಳೆಯ ಊರು. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು. ಆಗುಂಬೆಯಲ್ಲಿ ಇದರ ಎರಡು ಪಟ್ಟು ದಾಟುತ್ತೆ, ಆದ್ದರಿಂದ ನಮ್ಮ ತೀರ್ಥಹಳ್ಳಿ ಕಡೆಯವರು ಇದನ್ನು ಮಳೆ ಅಂತ ಒಪ್ಪಲಿಕ್ಕಿಲ್ಲ. ಆದರೆ ಆಗುಂಬೆಯ ಮಳೆ ನಾಲ್ಕು ತಿಂಗಳಲ್ಲಿ ಸುರಿದು ಹೋಗುತ್ತೆ, ಇಲ್ಲಿನದು ಹನ್ನೆರಡು ತಿಂಗಳೂ ತಣ್ಣಗೆ ಕೊರೆಯುತ್ತೆ. ಗುಹೆಯ ಚಾವಣಿಯಿಂದ ನೀರು ತೊಟ್ಟಿಕ್ಕುತ್ತದೆ. ಅಂಥ ಜಾಗದಲ್ಲಿ ಒದ್ದೆ ಸೌದೆಗೆ ಬೆಂಕಿ ಹಿಡಿಸಿ ಕಾಫಿ ಕಾಯಿಸುವುದೇ ಒಂದು ವಿದ್ಯೆ. ಶಿಬಿರಕ್ಕೆ ಬಂದವರಿಗೆ ಬಂಡೆಗಿಂತ ಮೊದಲು ಕಲಿಸಬೇಕಾಗಿದ್ದದ್ದು ಅದನ್ನೇ ಇರಬೇಕು.

ಬೀಸಾಡಿದ ಮರಮುಟ್ಟು ಸೇರಿಸಿ ಒಂದು ತೆಪ್ಪ ಕಟ್ಟಿದ್ದರು, ಅದಕ್ಕೊಂದು ಕೆಂಪು ಹಾಯಿ. ಡರ್ವೆಂಟ್‌ವಾಟರ್ ಸರೋವರದ ದಡದ ಬೆಟ್ಟದಲ್ಲಿ ವಾಸವಿದ್ದ ಹ್ಯೂ ವಾಲ್ಪೋಲ್ ಎಂಬ ಕಾದಂಬರಿಕಾರ 1930ರಲ್ಲಿ ಈ ಕಣಿವೆಯದೇ ಕಥೆಯ ರೋಗ್ ಹೆರೀಸ್ ಎಂಬ ಕಾದಂಬರಿ ಬರೆದರು. ಡಾಲ್ಟನ್ ಆ ಹೆಸರನ್ನೇ ತೆಪ್ಪಕ್ಕೆ ಇಟ್ಟರು. ಗಡ್ಡ, ಗರಿ ಸಿಕ್ಕಿಸಿದ ಟೋಪಿ, ಮೊಣಕಾಲು ಕಾಣುವ ಚಡ್ಡಿ, ಬಾಯಲ್ಲಿ ಸಿಗರೇಟು, ತೆಪ್ಪದ ಮೇಲೆ ನಿಂತ ಮುದುಕ. ಪ್ರವಾಸಿಗಳು ಮುಗಿಬಿದ್ದು ಫೋಟೋ ತೆಗೆದರು. ಪತ್ರಿಕೆಯವರು ಬಂದು ಬಾರೋಡೇಲಿನ ಸನ್ಯಾಸಿ ಅಂತ ಬರೆದರು.

ಆ ಹೆಸರು ತಪ್ಪು. ಸನ್ಯಾಸಿ ಜನರಿಂದ ದೂರ ಹೋಗುತ್ತಾನೆ. ಇವರು ಬದುಕಿದ್ದೇ ಜನರನ್ನು ಕರೆದುಕೊಂಡು ಓಡಾಡುವುದರಲ್ಲಿ. ಸಮಾಜವಾದದ ಬಗ್ಗೆ ಸಿಕ್ಕವರ ಜೊತೆಯೆಲ್ಲ ವಾದ ಮಾಡುತ್ತಿದ್ದರು. ಗುಹೆಯ ಗೋಡೆಯಲ್ಲಿ ಒಂದು ಎಚ್ಚರಿಕೆ ಕೆತ್ತಿದೆ, ಈಗಲೂ ಓದಬಹುದು. ಮಾತು ಪೋಲು ಮಾಡಬೇಡಿ, ಅವಸರದಲ್ಲಿ ತೀರ್ಮಾನಕ್ಕೆ ಹಾರಬೇಡಿ ಅನ್ನುವ ಅರ್ಥದ್ದು. ಮಾತು ಕಡಿಮೆ ಮಾಡಿ ಅಂತ ಕಲ್ಲಿನಲ್ಲಿ ಕೆತ್ತಿಸಬೇಕಾದರೆ ಅಲ್ಲಿ ಮಾತು ಎಷ್ಟು ನಡೆಯುತ್ತಿತ್ತು, ನೀವೇ ಊಹಿಸಿ.

ಇಷ್ಟು ಓದಿದ ಮೇಲೆ ಕೆಲವರಿಗೆ ಸಿಟ್ಟು ಬಂದಿರಬಹುದು. ಹೆಂಡತಿ ಮಕ್ಕಳಿಲ್ಲದ, ತನ್ನ ದೇಶದಲ್ಲೇ ಇದ್ದ ಮನುಷ್ಯನಿಗೆ ಕೆಲಸ ಬಿಡುವುದು ಏನು ದೊಡ್ಡದು ಅಂತ. ನಮ್ಮಲ್ಲಿ ಸ್ಪಾನ್ಸರ್ ವೀಸಾದಲ್ಲಿ ಇರುವವರು ಕೆಲಸ ಬಿಟ್ಟರೆ ಇನ್ನೊಂದನ್ನು ಹುಡುಕಿಕೊಳ್ಳಲು ಸಿಗುವುದು ಸಾಮಾನ್ಯವಾಗಿ 60 ದಿನ. ಊರಲ್ಲಿ ಮನೆ ಸಾಲ, ತಂಗಿಯ ಮದುವೆ, ಅಪ್ಪನ ಔಷಧಿ. ಡಾಲ್ಟನ್ನರ ಲೆಕ್ಕ ನಮಗೆ ಹೊಂದಲ್ಲ, ಒಪ್ಪಿದೆ. ಅವರಿಗೂ ಅದು ಗೊತ್ತಿದ್ದಿರಬೇಕು. ಅವರ ಶಿಬಿರಕ್ಕೆ ಬಂದವರೆಲ್ಲ ವಾರ ಮುಗಿದ ಮೇಲೆ ರೈಲು ಹತ್ತಿ ಅದೇ ಕಚೇರಿಗೆ, ಅದೇ ಶಾಲೆಗೆ ವಾಪಸು ಹೋದವರು. ಅವರ ಜೀವನ ನಡೆದದ್ದು ಕೆಲಸ ಬಿಡಲಾಗದವರು ಕೊಟ್ಟ ಕಾಸಿನಿಂದ. ಆ ಒಂದು ವಾರಕ್ಕೆ ಅವರು ತೆಗೆದುಕೊಂಡ ಕಾಸಿನ ಬೆಲೆ ಮೇಬಲ್ ಬಾರ್ಕರ್‌ಗೆ ಸಿಕ್ಕಿತು, ಹೆಸರಿಲ್ಲದ ಎಷ್ಟೋ ಗುಮಾಸ್ತರಿಗೂ ಸಿಕ್ಕಿತು. ನಾನು ಮೊದಲು ಈ ಕಥೆ ಕೇಳಿದಾಗ ನನ್ನನ್ನು ಡಾಲ್ಟನ್ನರ ಜಾಗದಲ್ಲಿಟ್ಟು ನೋಡಿ ಹೊಟ್ಟೆಕಿಚ್ಚು ಪಟ್ಟಿದ್ದೆ. ಈಗ ಹಗ್ಗದ ಕೆಳತುದಿಯಲ್ಲಿದ್ದವರ ಬಗ್ಗೆಯೇ ಹೆಚ್ಚು ಯೋಚನೆ ಬರುತ್ತೆ.

ಅವರ ಬದುಕಿನ ಮೇಲೆ ಎರಡು ಮಹಾಯುದ್ಧಗಳು ಹಾದುಹೋದವು. ಕ್ವೇಕರ್ ಪಂಥದವರಿಗೆ ಆಯುಧ ಹಿಡಿಯುವುದು ನಿಷಿದ್ಧ. ಡಾಲ್ಟನ್ ದೊಡ್ಡವರಾದ ಮೇಲೂ ಯುದ್ಧ ವಿರೋಧಿಯಾಗಿಯೇ ಉಳಿದರು. ಅವರು ವಾಸವಿದ್ದ ಗುಡ್ಡದ ಕಥೆಯನ್ನೂ ಇಲ್ಲಿ ಹೇಳಬೇಕು. ಮೊದಲ ಯುದ್ಧದಲ್ಲಿ ಮಗನನ್ನು ಕಳೆದುಕೊಂಡ ಸರ್ ವಿಲಿಯಂ ಹ್ಯಾಮರ್ 1920ರಲ್ಲಿ ಕಾಸಲ್ ಕ್ರ್ಯಾಗ್‌ನ ನೆತ್ತಿಯನ್ನು, ಆ ಮಗನ ಮತ್ತು ಯುದ್ಧದಲ್ಲಿ ಸತ್ತ ಬಾರೋಡೇಲಿನ ಹತ್ತು ಜನರ ನೆನಪಿಗೆ ನ್ಯಾಷನಲ್ ಟ್ರಸ್ಟಿಗೆ ಕೊಟ್ಟರು. ನೆತ್ತಿಯ ಮೇಲೆ ಅವರ ಹೆಸರಿನ ಫಲಕ ಇದೆ. ಯುದ್ಧದಲ್ಲಿ ಸತ್ತವರ ಸ್ಮಾರಕ ಮೇಲೆ, ಯುದ್ಧವೇ ಬೇಡ ಅನ್ನುವವರ ಮನೆ ಕೆಳಗೆ. ಎರಡನೇ ಯುದ್ಧ ಬಂದಾಗ ಡಾಲ್ಟನ್ ಚಳಿಗಾಲದಲ್ಲೂ ಗುಹೆಯಲ್ಲೇ ಉಳಿದರು, ವಯಸ್ಸು 70 ದಾಟಿತ್ತು. ಯುದ್ಧ ನಿಲ್ಲಿಸಿ ಅಂತ ಪ್ರಧಾನಿ ಚರ್ಚಿಲ್‌ಗೆ ಕಾಗದ ಬರೆದರು. ಜರ್ಮನ್ ವಿಮಾನಗಳಿಗೆ ಬೆಳಕು ಕಾಣಬಾರದು ಅಂತ ದೇಶವೆಲ್ಲ ಕತ್ತಲಾಗಿದ್ದಾಗ ಗುಹೆಯ ಬಾಯಲ್ಲಿ ಉರಿಯುತ್ತಿದ್ದ ಅವರ ಮೋಂಬತ್ತಿಗೆ ವಾರ್ಡನ್ ಬಂದು ಆಕ್ಷೇಪ ಹೇಳಿ ಹೋದರಂತೆ. ಸ್ವಾತಂತ್ರ್ಯಕ್ಕೆ ಅಡ್ಡ ಬಂದರು ಅಂತ ಇವರಿಗೆ ಬಹಳ ಬೇಸರವಾಯಿತಂತೆ.

ಶಾಂತಿಯ ಕಾಲದಲ್ಲಿ ಚಳಿಗಾಲ ಕಳೆಯಲು ಅವರು ದಕ್ಷಿಣಕ್ಕೆ ಹೋಗುತ್ತಿದ್ದರು. ಬಿಲ್ಲರಿಕಿ ಬಿಟ್ಟ ಮೇಲೆ ಬಕಿಂಗ್‌ಹ್ಯಾಂಶೈರ್‌ನ ಮಾರ್ಲೋ ಬಾಟಮ್‌ನಲ್ಲಿ ಒಂದು ಗುಡಿಸಲು ಇತ್ತು. 1946-47ರ ಚಳಿಗಾಲ ಈ ದೇಶ ಆ ಶತಮಾನದಲ್ಲಿ ಕಂಡ ಅತಿ ಕೆಟ್ಟ ಚಳಿಗಾಲಗಳಲ್ಲೊಂದು. ಕಲ್ಲಿದ್ದಲು ಇಲ್ಲ, ವಿದ್ಯುತ್ ಇಲ್ಲ, ವಾರಗಟ್ಟಲೆ ಹಿಮ. ಅದೇ ಚಳಿಗಾಲದಲ್ಲಿ ಗುಡಿಸಲಿಗೆ ಬೆಂಕಿ ಬಿದ್ದು ಸುಟ್ಟುಹೋಯಿತು. 79 ವರ್ಷದ ಮುದುಕರು ಬೇರೆಯವರ ಮನೆ ಸೇರದೆ ಗುಡಾರ ಹಾಕಿಕೊಂಡರು. ಕಾಯಿಲೆ ಬಿದ್ದರು. ಆಮರ್‌ಷಮ್ ಆಸ್ಪತ್ರೆಯಲ್ಲಿ 1947ರ ಫೆಬ್ರುವರಿ 5ರಂದು ತೀರಿಕೊಂಡರು. ತಮ್ಮ ಜೀವನದ ಬಗ್ಗೆ, ಬದುಕಬೇಕಾದ ರೀತಿಯ ಬಗ್ಗೆ ಒಂದು ಪುಸ್ತಕ ಬರೆಯುತ್ತಿದ್ದರು. ಆ ಹಸ್ತಪ್ರತಿ ಯಾರ ಕೈಗೂ ಸಿಗಲಿಲ್ಲ.

ಆಸ್ಪತ್ರೆಯಲ್ಲಿ ಕೆಲಸ ಮಾಡುವ ನಮ್ಮಂಥವರಿಗೆ ಅಂಥ ಪೇಷಂಟುಗಳ ಗುರುತು ಇದೆ. ಜನವರಿಯಲ್ಲಿ ಬರುತ್ತಾರೆ, ಒಬ್ಬರೇ ಇರುವವರು, ಮೈಯೆಲ್ಲ ತಣ್ಣಗೆ, ಹಟಮಾರಿಗಳು. ವಿಳಾಸ ಕೇಳಿದರೆ ಸರಿಯಾಗಿ ಹೇಳಲ್ಲ. ಅವರ ಬಗ್ಗೆ ಕೆಟ್ಟದಾಗಿ ಏನನ್ನೂ ಯೋಚಿಸದಿರಲು ನನಗೆ ಡಾಲ್ಟನ್ನರ ಕಥೆ ಒಂದು ಕಾರಣವಾಗಿದೆ.

ಗುಹೆ ನೋಡಬೇಕು ಅನ್ನುವವರಿಗೆ ದಾರಿ ಹೇಳಿ ಮುಗಿಸುತ್ತೇನೆ. ಕಾರಿದ್ದರೆ ಎಂ6ನಲ್ಲಿ 40ನೇ ಜಂಕ್ಷನ್‌ವರೆಗೆ, ಅಲ್ಲಿಂದ ಕೆಸಿಕ್. ಇಲ್ಲದವರು ನಮ್ಮ ಪಕ್ಕದ ಏರ್‌ಪೋರ್ಟ್ ಸ್ಟೇಷನ್ನಿನಿಂದ ಪೆನ್ರಿತ್‌ಗೆ ರೈಲು, ಅಲ್ಲಿಂದ ಕೆಸಿಕ್‌ಗೆ ಬಸ್ಸು, ಕೆಸಿಕ್‌ನಿಂದ ಬಾರೋಡೇಲಿಗೆ 78ನೇ ನಂಬರ್. ಗ್ರೇಂಜ್‌ನಲ್ಲಾಗಲಿ ರಾಸ್ತ್‌ವೇಟ್‌ನಲ್ಲಾಗಲಿ ಇಳಿದು ಹೊಳೆಯ ಪಕ್ಕದ ಕಾಡುದಾರಿ ಹಿಡಿದರೆ ಗುಡ್ಡದ ಬದಿಯಲ್ಲಿ ಸಣ್ಣ ಕವಲು ಮೇಲೆ ಹೋಗುತ್ತೆ. ಕವಲು ತಪ್ಪುವುದು ಸುಲಭ, ನಾವು ಹೋದಾಗ ಎರಡು ಸಲ ತಪ್ಪಿತು. ಕಾಲಡಿ ಎಲ್ಲ ಚಪ್ಪಡಿ ಚೂರು, ಮಳೆ ಬಂದರೆ ಸೋಪು ಹಚ್ಚಿದ ಹಾಗೆ ಜಾರುತ್ತೆ. ಚಪ್ಪಲಿ, ಸ್ನೀಕರ್ ಬೇಡ. ಮಕ್ಕಳನ್ನು ಮೇಲಿನ ಅಟ್ಟಕ್ಕೆ ಹತ್ತಿಸುವಾಗ ಹಿಂದೆ ಒಬ್ಬರು ನಿಲ್ಲಿ. ಫ್ಲಾಸ್ಕಿನಲ್ಲಿ ಕಾಫಿ ಒಯ್ಯಿರಿ. ಕೊನೇ ಬಸ್ಸು ಎಷ್ಟು ಗಂಟೆಗೆ ಅಂತ ಮೊದಲೇ ನೋಡಿಟ್ಟುಕೊಳ್ಳಿ, ಸೋಮವಾರ ಬೆಳಿಗ್ಗೆ ಡ್ಯೂಟಿ ಇರುತ್ತಲ್ಲ.